ಹಳೆಯ ಪುಟದ ಉತ್ತರ

೧೯೯೭ರ ಏಪ್ರಿಲ್, ಪ್ರಾಯೋಗಿಕ ಪರೀಕ್ಷೆಯ ದಿನ ಮಧ್ಯಾಹ್ನ. ಸೊಲ್ಲಾಪುರದ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ, ಪ್ರಿಂಟರಿನ ಪಕ್ಕದಲ್ಲಿ ನಾನು ನಿಂತಿದ್ದೆ.

ಹಲವು ಕಂಪ್ಯೂಟರುಗಳು ಒಂದಕ್ಕೊಂದು ಸಂದೇಶ ಕಳಿಸುವುದನ್ನು ಒಂದೇ ಕಂಪ್ಯೂಟರಿನಲ್ಲಿ ಆಡಿಸಿ ತೋರಿಸುವ ಪ್ರೋಗ್ರಾಮುಗಳು ನಮ್ಮಲ್ಲಿದ್ದವು. ಅವುಗಳ ಮಾದರಿ ಉತ್ತರಗಳ ಕೈಪಿಡಿಯನ್ನು ತಿದ್ದಿ ಇಡುವ ಕೆಲಸ ನನ್ನದು. ಆ ವರ್ಷ, ನಿಜವಾದ ಜಾಲದಲ್ಲಿ ಆಗುವಂತೆಯೇ, ಸಂದೇಶಗಳು ಹಿಂದುಮುಂದಾಗಿ ತಲುಪುವ ಹಾಗೆ ಪ್ರೋಗ್ರಾಮುಗಳನ್ನು ಬದಲಿಸಿದ್ದೆವು. ಉತ್ತರದ ಸಾಲುಗಳ ಕ್ರಮ ಪ್ರತಿ ಸಲವೂ ಬೇರೆಯಾಗುತ್ತದೆ ಎಂದು ನಾನು ಹೊಸ ಪುಟ ಬರೆದಿದ್ದೆ. ಅದು ಓರಣವಾಗಿ ಕಾಣುವುದಿಲ್ಲವೆಂದು ವಿಭಾಗದ ಮುಖ್ಯಸ್ಥರು ಅದನ್ನು ಕಿತ್ತು, ಸಾಲುಗಳ ಒಂದೇ ಕ್ರಮ ತೋರಿಸುವ ಹಳೆಯ ಪುಟವನ್ನೇ ಹಾಕಿಸಿದ್ದರು.

ಆ ದಿನ ಪರೀಕ್ಷಕರೂ ಅವರೇ. ದುಧನಿಯಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿಯ ಉತ್ತರ ಮುದ್ರಿಸಿದ ಹಾಳೆಯನ್ನು ಹಳೆಯ ಪುಟದ ಪಕ್ಕ ಇಟ್ಟು, ಸಾಲುಸಾಲಿಗೂ ಫುಟ್‌ಪಟ್ಟಿ ಹಿಡಿದು ನೋಡಿದರು.

"ಎರಡನೇ ಸಾಲೇ ಕೂಡಂಗಿಲ್ಲ. ನಾಪಾಸ್."

"ಸರ್, ಆಕಿದು ಬರೋಬರ್ ಅದರಿ. ಪ್ರೋಗ್ರಾಮ್ ಇನ್ನೊಮ್ಮೆ ಓಡಸ್ರಿ, ಮತ್ತ ಬ್ಯಾರೇನ ಬರ್ತದ," ಎಂದೆ.

"ದಿನಾ ಬ್ಯಾರೆ ಬಂದ್ರ ಅದಕ್ಕ ಉತ್ತರ ಅಂತಾರೇನ್ರಿ? ಲಾಟರಿ ಅಂತಾರ," ಎಂದು ನಕ್ಕರು.

"ಸರ್, ನಾಪಾಸಾದ್ರ ನಮ್ಮಪ್ಪ ಕಾಲೇಜ್ ಬಿಡಸ್ತಾನ್ರಿ," ಎಂದಳು ಹುಡುಗಿ.

ಅವರು ಸೊನ್ನೆ ಹಾಕಿದರು. ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ. ಪುಟ ಹಳೆಯದೆಂದು ಅವರಿಗೆ ತಿಳಿಯದಿದ್ದರೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ. ಅವರಿಗೆ ತಿಳಿದಿತ್ತು.

ಆ ದಿನ ಕೋಣೆಯಲ್ಲೇ ಇದ್ದು ಇದನ್ನು ಕಂಡ ಪ್ರಯೋಗಾಲಯದ ಸಹಾಯಕರು ಈಗಲೂ ಬೋರಾಮಣಿಯಲ್ಲಿದ್ದಾರೆ. ಅಕ್ಕಲಕೋಟದಲ್ಲಿ ಆ ಹುಡುಗಿಯೂ ಇದ್ದಾಳೆ. ನನ್ನ ಮಾತು ನಂಬದವರು ಇಬ್ಬರನ್ನೂ ಕೇಳಬಹುದು.