ತೊರಕೆಯ ಹೊಟ್ಟೆಯಲ್ಲಿ ಹುಳುವಿನ ಮನೆ

ಒಂದಾನೊಂದು ಕಡಲಿನಲ್ಲಿ ಒಂದು ಪುಟ್ಟ ಹುಳು ಇತ್ತು. ಅದಕ್ಕೆ ತನ್ನ ಮನೆ ಸೇರಬೇಕಿತ್ತು. ಕಾಲಿಲ್ಲ, ರೆಕ್ಕೆಯಿಲ್ಲ, ದೂರ ಈಜುವ ತ್ರಾಣವೂ ಇಲ್ಲ. ಹಾಗಾಗಿ ಯಾರಾದರೂ ತನ್ನನ್ನು ನುಂಗಲಿ ಎಂದು ಅದು ಕಾಯುತ್ತಿತ್ತು.

ಮುಂದಿನ ಕಥೆ ಕೇಳಬೇಕಾದರೆ ಮೀನು ಮಾರುಕಟ್ಟೆಯ ಕೊನೆಯ ಕಟ್ಟೆಗೆ ಬರಬೇಕು. ಬೆಳಕು ಈಗಷ್ಟೇ ಹರಿಯುತ್ತಿದೆ. ಎಲ್ಲರೂ ಚೂರಿಯಕ್ಕ ಎಂದು ಕರೆಯುವ ಹೆಂಗಸು ಕಲ್ಲಿಗೆ ನೀರು ಸುರಿದು ಚೂರಿ ಮಸೆಯುತ್ತಿದ್ದಾರೆ. ಗಂಡನ ದೋಣಿ ಬಂಡೆಗೆ ಬಡಿದು ಒಡೆದ ವರ್ಷ ಹಿಡಿದ ಚೂರಿ ಅದು. ಮಸೆದು ಮಸೆದು ಈಗ ಅರ್ಧಕ್ಕರ್ಧ ಸವೆದಿದೆ. ದಿನಕ್ಕೆ ಎರಡು ಮೂರು ಬುಟ್ಟಿ ಮೀನು ಕೊಯ್ಯುತ್ತಾರೆ. ಹೊಟ್ಟೆಯನ್ನು ಗಿರಾಕಿಯ ಕಡೆಗೆ ತಿರುಗಿಸಿಯೇ ಸೀಳುವುದು ಅವರ ಪದ್ಧತಿ. "ಮುಚ್ಚುಮರೆ ಇರಬಾರ್ದು ನೋಡಿ," ಎನ್ನುತ್ತಾರೆ.

ಹಾಗಿದ್ದೂ ಕಳೆದ ತಿಂಗಳು ಎಡವಟ್ಟಾಯಿತು. ಕ್ಯಾಂಟೀನಿನ ಅಡುಗೆಯವನಿಗೆ ಕೊಯ್ದ ಮೀನಿನ ಮಾಂಸದಲ್ಲಿ ಬಿಳಿ ಕಾಳುಗಳಿದ್ದವು. ಚೂರಿ ತಾಗಿ ಮೊಟ್ಟೆಯ ಚೀಲ ಒಡೆದರೆ ಹಾಗೆ ಮೆತ್ತಿಕೊಳ್ಳುವುದುಂಟು. ನೂಕುನುಗ್ಗಲಿನಲ್ಲಿ ಇವರು "ಮೊಟ್ಟೆ ಕಣಪ್ಪಾ" ಎಂದುಬಿಟ್ಟರು. ಅಡುಗೆಮನೆಯ ಹಲಗೆಯ ಮೇಲೆ ಒಂದು ಕಾಳು ಅಲುಗಾಡಿತು. ಅಡುಗೆಯವ ವಾಪಸು ಬಂದು ಮೀನನ್ನು ಕಲ್ಲಿಗೆ ಬಡಿದು, "ಹುಳ ಬಿದ್ದಿರೋ ಕೊಳೆತ ಮೀನು ಮಾರ್ತಾಳೆ!" ಎಂದು ಇಡೀ ಮಾರುಕಟ್ಟೆಗೆ ಕೇಳುವಂತೆ ಕೂಗಿದ. ಅಂದಿನಿಂದ ಹಳೆಯ ಗಿರಾಕಿಗಳೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಾರೆ.

"ಮೊಟ್ಟೆ ಅಂದದ್ದು ನನ್ನ ತಪ್ಪೇ. ಆದ್ರೆ ಕೊಳೆತದ್ದು ಅಂತ ಹೇಗೆ ಒಪ್ಪಲಿ? ಆ ಹುಳ ಬದುಕಿರೋ ಮೀನಲ್ಲೇ ಇರೋದು, ಅದರ ಮನೆ ಎಲ್ಲಿದೆ ತೋರಿಸ್ತೀನಿ ಅಂತ ಅವನಿಗೆ ಮಾತು ಕೊಟ್ಟೆ."

ಆ ಮನೆಯ ವಿಳಾಸ ಕೊಟ್ಟವರು, ಪ್ರಯೋಗಾಲಯಕ್ಕೆಂದು ಇವರಿಂದ ಮೀನಿನ ಕರುಳು ಒಯ್ಯುವ ಮೇಷ್ಟ್ರು. ಅದೊಂದು ಜಾತಿಯ ಲಾಡಿಹುಳು. ಬೆಳೆದ ಹುಳು ಬಾಳುವುದು ಚಪ್ಪಟೆ ಮೈಯ, ಚಾವಟಿ ಬಾಲದ ತೊರಕೆ ಮೀನಿನ ಕರುಳಿನಲ್ಲಿ. ಅದರ ಮೊಟ್ಟೆಗಳು ತೊರಕೆಯ ಮಲದೊಂದಿಗೆ ನೀರು ಸೇರುತ್ತವೆ. ಹೊರಬಂದ ಮರಿಯನ್ನು, ಸಿಗಡಿಯ ದೂರದ ನೆಂಟನಾದ ಎಳ್ಳಿಗಿಂತ ಚಿಕ್ಕ ಜೀವಿಯೊಂದು ನುಂಗುತ್ತದೆ. ಅದನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ಅಲ್ಲಿ ಮಾಂಸದೊಳಗೆ ಬಿಳಿ ಕಾಳಾಗಿ ಮುದುಡಿ ಕೂರುವ ಮರಿ, ಆ ಮೀನನ್ನು ತೊರಕೆ ತಿಂದ ದಿನ ಮನೆ ಸೇರಿ ಬೆಳೆಯುತ್ತದೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.

ಈ ದಡಕ್ಕೆ ತೊರಕೆ ಬರುವುದೇ ಅಪರೂಪ. ಬಂದ ಒಂದೆರಡರ ಕರುಳೂ ಖಾಲಿ. ತೂಕದ ತಕ್ಕಡಿ ಹಿಡಿಯುವ ನಾದಿನಿಗೆ ನಗು. "ಹುಳ ಸಿಗ್ಲಿಲ್ಲ ಅಂತ ಮುಖ ಸಪ್ಪೆ ಮಾಡೋಳು ನಮ್ಮತ್ತಿಗೆ ಒಬ್ಳೇ!"

"ನೀನು ತಕ್ಕಡಿ ನೋಡ್ಕೊಳ್ಳೇ, ನಂದು ನಾನು ನೋಡ್ಕೋತೀನಿ."

ಇವತ್ತು ಬುಟ್ಟಿಯಲ್ಲಿ ತೊರಕೆಯಿದೆ. ನಾದಿನಿ ಓಡಿಹೋಗಿ ಅಡುಗೆಯವನನ್ನು ಎಳೆದು ತಂದಿದ್ದಾಳೆ. ಮೀನಿನ ರೆಕ್ಕೆ ಇನ್ನೂ ಕಲ್ಲಿಗೆ ಪಟಪಟ ಬಡಿಯುತ್ತಿದೆ. ಚೂರಿಯಕ್ಕ ಮೊದಲು ಬಾಲದ ವಿಷಮುಳ್ಳು ಕಡಿದು, ತಲೆಗೊಂದು ಏಟು ಕೊಟ್ಟು, ಹೊಟ್ಟೆಯನ್ನು ಎಂದಿನಂತೆ ಗಿರಾಕಿಯ ಕಡೆಗೆ ತಿರುಗಿಸುತ್ತಾರೆ. ಕರುಳು ಬಿಚ್ಚಿದರೆ ಒಳಗೆ ಸುತ್ತು ಮೆಟ್ಟಿಲಿನಂಥ ಸುರುಳಿ. ಅದರ ಮಡಿಕೆಯೊಂದಕ್ಕೆ ತಲೆ ಕಚ್ಚಿಕೊಂಡು, ಬಿಳಿ ರಿಬ್ಬನ್ನಿನಂಥದ್ದೊಂದು ಮೆಲ್ಲಗೆ ಹೊರಳುತ್ತಿದೆ.

"ನೋಡು ತಮ್ಮಾ. ಈಗಷ್ಟೇ ಒದ್ದಾಡ್ತಿದ್ದ ಮೀನಿದು. ಇದೂ ಕೊಳೆತಿದೆಯಾ?"

ಅಡುಗೆಯವ ಬಗ್ಗಿ ನೋಡುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ. "ಇಲ್ಲಕ್ಕಾ. ಕೊಳೆತಿಲ್ಲ."

"ನನ್ನ ಕಿವಿಗೆ ಹೇಳಿದ್ರೆ ಏನು ಬಂತು? ಅವತ್ತು ಎಷ್ಟು ಜೋರಾಗಿ ಕೂಗಿದ್ಯೋ, ಅಷ್ಟೇ ಜೋರಾಗಿ ಹೇಳು."

ಅವನು ಮಾರುಕಟ್ಟೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡು ಕೂಗುತ್ತಾನೆ. ಚೂರಿಯಕ್ಕ ಕಲ್ಲಿಗೆ ನೀರು ಸುರಿಯುತ್ತಾರೆ.