ಗುಡ್ಡ ನೋಡದ ಅಜ್ಜಿ

ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಸಿಲಿಗೆ ಹರವಿದಾಗ ಏಳುವ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಮಾಡದಕೆರೆಯ ನಮ್ಮ ಹಳೆಯ ಮನೆಯ ಅಂಗಳದಲ್ಲಿರುತ್ತೇನೆ. ಅರ್ಧ ಹುಳಿ, ಅರ್ಧ ಕುರಿ. ಅದನ್ನು ಸುವಾಸನೆ ಎನ್ನುವ ಧೈರ್ಯ ನನಗಿಲ್ಲ. ಬಾಲ್ಯದ ಇಂಥದೊಂದು ಘಾಟು ನಿಮಗೂ ಇದ್ದೀತು, ನಾಚಬೇಡಿ. ಆ ಮನೆ ಬಿದ್ದು ಎಷ್ಟೋ ವರ್ಷವಾಯಿತು. ಅದರ ಜಗಲಿಯ ಮೇಲೆ ಕಾಲು ಚಾಚಿ ಕೂತು ಅಜ್ಜಿ ದಿನವಿಡೀ ಉಣ್ಣೆ ನೂಲುತ್ತಿದ್ದಳು. ಅವಳ ಮಗ, ನನ್ನ ಅಪ್ಪ, ಕುರಿಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ಸುತ್ತುತ್ತಿದ್ದ. ಮಂದೆಯ ಜೊತೆ ಬಯಲಲ್ಲಿ ಮಲಗುವುದು ಗಂಡಸರ ಪಾಲು, ಮನೆಯಲ್ಲಿ ನೂಲುವುದು ಹೆಂಗಸರ ಪಾಲು. ಹೀಗೆ ಹಂಚಿದವರು ಯಾರೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಮೂರು ದಿನದ ಕ್ಯಾಂಪು ಎಂದರು. ಎಲ್ಲ ಪುಕ್ಕಟೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತಬಹುದು, ಹಕ್ಕಿ ಗುರುತಿಸಬಹುದು, ಡೇರೆಯಲ್ಲಿ ಮಲಗಬಹುದು. ಅಪ್ಪನ ಸಹಿಯೊಂದು ಬೇಕಿತ್ತು. ಊರಿಗೆ ಬಂದಿದ್ದ ಅಪ್ಪ ಬಿದ್ದು ಬಿದ್ದು ನಕ್ಕ. ಕಲ್ಲುಮುಳ್ಳು ತುಳಿಯುವ ಬಾಳು ಮಗಳಿಗೆ ಬೇಡವೆಂದು ಶಾಲೆಗೆ ಹಾಕಿದರೆ, ಶಾಲೆಯವರು ಅದನ್ನೇ ಕಲಿಸುತ್ತಾರಂತಲ್ಲ ಎಂದ. ನಗು ನಿಂತ ಮೇಲೆ, ಹೆಣ್ಣುಮಗಳು ಗುಡ್ಡದಲ್ಲಿ ಮಲಗುವುದು ಬೇಡವೆಂದು ಫಾರ್ಮು ವಾಪಸ್ಸು ಕೊಟ್ಟ. ನಾನು ಊಟ ಬಿಟ್ಟು ಮುಖ ಊದಿಸಿಕೊಂಡು ಕೂತೆ. ಹೋಗದಿದ್ದರೆ ಸತ್ತೇಹೋಗುತ್ತೇನೆ ಅನ್ನಿಸಿತ್ತು.

ಅಜ್ಜಿ ನೂಲುವುದನ್ನು ನಿಲ್ಲಿಸಿದಳು.

"ನಲವತ್ತು ವರ್ಸ ಉಣ್ಣೆ ನೂತೀನಿ ಕಣಪ್ಪ. ಆ ಕುರಿ ಯಾವ ಗುಡ್ಡದಾಗೆ ಮೇಯ್ತಾವೆ ಅಂತ ಒಂದಿನಾನೂ ನೋಡಿಲ್ಲ. ಇವ್ಳಾದ್ರೂ ನೋಡ್ಲಿ ಬಿಡು."

ಅಪ್ಪ ಮರುದಿನ ಸಹಿ ಹಾಕಿ, ಬಸ್ಸಿಗೂ ತಾನೇ ಹತ್ತಿಸಿದ.

ಆ ಮೂರು ದಿನದಲ್ಲಿ ಮಂಡಿ ತರಚಿತು, ಬಂಡೆಯ ನೆತ್ತಿ ಮುಟ್ಟಿದೆ, ಕೆಳಗೆ ದುರ್ಗದ ಮನೆಗಳು ಚೆಲ್ಲಿದ ಜೋಳದಷ್ಟು ಕಂಡವು. ಮನೆಗೆ ಬಂದು ಒಂದೇ ಉಸಿರಿಗೆ ಒದರಿದೆ. ಎಲ್ಲ ಕೇಳಿಸಿಕೊಂಡ ಅಜ್ಜಿ, ಅಲ್ಲಿ ಹುಲ್ಲು ಹೇಗಿದೆ ಎಂದಳು. ನಾನು ಹುಲ್ಲನ್ನು ನೋಡಿಯೇ ಇರಲಿಲ್ಲ. ಮುಂದಿನ ಸಲ ನೋಡಿಕೊಂಡು ಬಾ ಎಂದು ನಕ್ಕಳು. ಮುಂದಿನ ಸಲ ನೋಡಿದೆ, ಎದೆಯುದ್ದ ಬೆಳೆದಿತ್ತು. ಕೇಳಿ ಅವಳಿಗೆ ಎಷ್ಟು ಖುಷಿಯೆಂದರೆ, ಬೀದಿಯವರಿಗೆಲ್ಲ ತಾನೇ ನೋಡಿ ಬಂದವಳಂತೆ ಹೇಳಿದಳು.

ಈಗ ಹಳ್ಳಿಯ ಮಕ್ಕಳನ್ನು ಅಂಥದೇ ಕ್ಯಾಂಪುಗಳಿಗೆ ಕರೆದೊಯ್ಯುವುದು ನನ್ನ ಕೆಲಸ. ಅಪ್ಪಂದಿರು ನನ್ನಪ್ಪ ಹೇಳಿದ್ದನ್ನೇ ಹೇಳುತ್ತಾರೆ, ನಾನು ಅಜ್ಜಿ ಹೇಳಿದ್ದನ್ನು ಹೇಳುತ್ತೇನೆ. ಮೊದಮೊದಲು ವ್ಯಾನು ಅರ್ಧ ಖಾಲಿ ಹೋಗುತ್ತಿತ್ತು, ಈಗ ಜಾಗ ಸಾಲದು. ಕಳೆದ ತಿಂಗಳು ಹೊಸದುರ್ಗದ ಕಡೆಯ ಒಂದು ಹಟ್ಟಿಯಲ್ಲಿ ಕುರಿ ಕಾಯುವವನೊಬ್ಬ ಮಗಳನ್ನು ಕಳಿಸಲು ಒಪ್ಪುತ್ತಲೇ, ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಮೆಲ್ಲಗೆ ಕೇಳಿದಳು.

"ನನಗೂ ಒಂದು ಸೀಟು ಐತೇನವ್ವ?"

ಮುಂದಿನ ಸೀಟನ್ನು ಅವಳಿಗೇ ಬಿಡಿಸಿದೆ. ಜೋಗಿಮಟ್ಟಿಯಲ್ಲಿ ಮೊಮ್ಮಗಳು ಬಂಡೆಯ ಅರ್ಧಕ್ಕೆ ಏರಿದ್ದಳು. ಮುದುಕಿ ತಲೆತುಂಬ ಸೆರಗು ಹೊದ್ದು ಗಾಳಿಗೆ ಮುಖ ಕೊಟ್ಟು ನಿಂತಿದ್ದಳು. ಅವಳ ಪಕ್ಕದಲ್ಲಿ ನಿಂತು ನಾನು ಅತ್ತುಬಿಟ್ಟೆ. ನನ್ನಜ್ಜಿಯನ್ನು ಹೀಗೆ ಕರೆತರಬಹುದೆಂದು, ಅವಳು ಬದುಕಿದ್ದಷ್ಟು ದಿನ, ನನಗೆ ಒಮ್ಮೆಯೂ ಹೊಳೆದಿರಲಿಲ್ಲ.