ದನಿ ಸಾಕು, ಮೊಕ ಬ್ಯಾಡ

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಟೇಪ್ ರೆಕಾರ್ಡರ್ ಹೊತ್ತೂ ಹೊತ್ತೂ ಹಾಗಾಯಿತು ಎನ್ನುತ್ತಿದ್ದರು. ಎಡವೋ ಬಲವೋ ಎಂದು ಈಗ ಬರೆಯುವಾಗ ಅನುಮಾನ, ಡೈರಿಯಲ್ಲಿಲ್ಲ. ಅಂಗಿ ಜಾರಿದಾಗ ರೆಕಾರ್ಡರಿನ ಪಟ್ಟಿ ಕೊರೆದ ಕಪ್ಪು ಗೆರೆ ಕಾಣುತ್ತಿದ್ದುದಂತೂ ನಿಜ.

ಎಂಬತ್ತರ ದಶಕದ ಕೊನೆ. ನಾನು ಎಂ.ಎ. ಮುಗಿಸಿ ಕೊಳ್ಳೇಗಾಲದಲ್ಲಿ ಅರೆಕಾಲಿಕ ಪಾಠ ಹೇಳುತ್ತಿದ್ದೆ. ಅವರು ನಮ್ಮ ಸೀಮೆಯ ಹಾಡುಗಾರರ ಮೇಲೆ ಸಿನಿಮಾ ಮಾಡುತ್ತಿದ್ದರು. ಜೊತೆಗೆ ಯಳಂದೂರು ಕಡೆಯ ಗುಡ್ಡವೊಂದನ್ನು ಸೀಳುತ್ತಿದ್ದ ಕರಿಕಲ್ಲು ಕ್ವಾರಿಯ ವಿರುದ್ಧ ಹೋರಾಟ. ರಜೆ ಬಂದರೆ ನಾನು ಅವರ ಹಿಂದೆ. ಹಾಡಿನ ಪದ ಬರೆದುಕೊಳ್ಳುವುದು ನನ್ನ ಕೆಲಸ. ಎಲ್ಲೇ ಹಾಡು ಶುರುವಾಗಲಿ, ಅವರು ಮೊದಲು ಚಪ್ಪಲಿ ಬಿಡುತ್ತಿದ್ದರು. "ಮೊದಲು ಕೇಳಯ್ಯ, ಆಮೇಲೆ ಬರಿ," ಎಂದು ನನ್ನ ಪೆನ್ನಿಗೆ ತಾವೇ ಮುಚ್ಚಳ ಹಾಕುತ್ತಿದ್ದರು.

ಆ ಸಿನಿಮಾಗಳನ್ನು ಊರೂರಲ್ಲಿ ತೋರಿಸಿ ಕೊನೆಗೆ ಕ್ವಾರಿಯ ಮಾತು ತೆಗೆಯುವರು. ಲೊಕ್ಕನಹಳ್ಳಿಯಲ್ಲಿ ಒಬ್ಬ ರೇಗಿಸಿದ: "ಒಂದ್ ಫೈಟೂ ಇಲ್ವಲ್ಲಾ ಸಾ?"

"ಐತೆ ಕಣಪ್ಪ. ಕಲ್ಲು ಲಾರಿ ಬರ್ಲಿ, ನೀನೇ ಹೀರೋ."

ಮುಂದಿನ ವಾರ ಲಾರಿಗೆ ಅಡ್ಡ ಕೂತಾಗ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಜನ ಅವರನ್ನು ಅಷ್ಟು ನಂಬುತ್ತಿದ್ದರು.

ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ, ಸೋಲಿಗರ ಹಟ್ಟಿಯಲ್ಲಿ, ಒಬ್ಬ ಅಜ್ಜನಿದ್ದ. ಬೇಸಿಗೆ ಏರುವ ಮುಂಚೆ ಕಾಡಿನ ತರಗೆಲೆಗೆ ಸಣ್ಣ ಬೆಂಕಿ ಕೊಡುವುದು ಅವರ ಹಿಂದಿನವರ ಪದ್ಧತಿ. ಆಮೇಲೆ ದೊಡ್ಡ ಬೆಂಕಿ ಬೀಳುವುದಿಲ್ಲ, ಹೊಸ ಹುಲ್ಲು ಬರುತ್ತದೆ. ಸರ್ಕಾರ ಅದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಬೆಂಕಿ ಕೊಡುವಾಗ ನೆಲದ ಅಪ್ಪಣೆ ಕೇಳುವ ಹಾಡು ಅಜ್ಜನೊಬ್ಬನ ಬಾಯಲ್ಲೇ ಉಳಿದಿತ್ತು.

"ಬೆಂಕಿ ಇಲ್ದೆ ಆ ಪದ ಬಾಯಿಗೇ ಬರಕಿಲ್ಲ ಸಾ," ಎನ್ನುತ್ತಿದ್ದ. ಇವರು ಎರಡು ವರ್ಷ ಅಲೆದ ಮೇಲೆ ಒಪ್ಪಿದ. "ದನಿ ತಕಳಿ. ಮೊಕ ಬ್ಯಾಡ, ಬೆಂಕಿ ಪಟನೂ ಬ್ಯಾಡ. ಕಾಡ್ ಕಾವಲಿನೋರು ನೋಡುದ್ರೆ ಪೋಡ್ನೋರ್ಗೆ ಜೇನು ಕುಯ್ಯಕ್ಕೂ ಬುಡಕಿಲ್ಲ."

"ಕ್ಯಾಮೆರಾ ಓಡ್ಲಿ ಅಜ್ಜ. ಮುಖ ಬಂದ್ರೆ ತೆಗೆದು ಹಾಕ್ತೀನಿ. ಕತ್ತರಿ ನನ್ನ ಕೈಲೇ ಇರೋದು."

ಮೊರದಗಲದ ಬೆಂಕಿ. ಅಜ್ಜ ಹಾಡಿದ. ನಾನು ಒಂದು ಪದವನ್ನೂ ಬರೆಯಲಿಲ್ಲ.

ಕೆಲವು ತಿಂಗಳ ಮೇಲೆ ಅವರು ಫಿಲ್ಮಿನ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಉಗುರಿನಷ್ಟು ಚೌಕದಲ್ಲಿ ಅಜ್ಜನ ಮುಖ, ಕೆಳಗೆ ಜ್ವಾಲೆ. "ಆದರೆ ಸಾರ್..." ಎಂದು ನಾನು ತಡೆದೆನೆಂದೇ ಬಹಳ ವರ್ಷ ನಂಬಿದ್ದೆ. ಅಂದಿನ ಡೈರಿಯಲ್ಲಿರುವುದು ಒಂದೇ ಸಾಲು: "ಮುಖ ಅದ್ಭುತವಾಗಿ ಬಂದಿದೆ."

ಕೊಳ್ಳೇಗಾಲದ ಒಂದು ಛತ್ರದಲ್ಲಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ಹಗಲಲ್ಲೇ ಸಿನಿಮಾ ತೋರಿಸಿದರು. ಅಜ್ಜನನ್ನು ಕರೆತಂದು ನಾನೇ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಗೋಡೆಯಗಲದ ಮುಖ ಬೆಂಕಿಯ ಮೇಲೆ ಬಾಗಿ ಹಾಡಿತು. ಜನ ಚಪ್ಪಾಳೆ ತಟ್ಟಿದರು. ಅಜ್ಜ ಟವಲನ್ನು ತಲೆ ಮೇಲೆ ಎಳೆದುಕೊಂಡ.

"ನಮ್ ಮಾತ ಮರ್ತ್‌ಬುಟ್ರಾ ಸಾರು?"

ನಾನು ಎದ್ದು ಕಿಟಕಿಯ ಕಂಬಳಿ ಬಿಚ್ಚತೊಡಗಿದೆ.

ತಿಂಗಳೊಳಗೆ, ಕಾಡಿಗೆ ಬೆಂಕಿ ಕೊಟ್ಟನೆಂದು ಅಜ್ಜನ ಮೇಲೆ ಕೇಸಾಯಿತು. ಸಿನಿಮಾ ಬಿಟ್ಟು ಬೇರೆ ಸಾಕ್ಷಿ ಬೇಕಿರಲಿಲ್ಲ. ಎರಡು ವರ್ಷ ಆ ಪೋಡಿನವರು ಜೇನು ಕೊಯ್ಯುವಂತಿರಲಿಲ್ಲ. ಅದೇ ಸಿನಿಮಾ ನೋಡಿ ಊರಾಚೆಯ ದೊಡ್ಡವರೂ ದನಿಗೂಡಿಸಿದರು, ಕ್ವಾರಿ ನಿಂತಿತು. ಇದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ.

"ಮಾತು ಕೊಟ್ಟಿದ್ರಲ್ಲ ಸಾರ್?" ಅವರ ಮನೆಗೆ ಹೋಗಿ ಕೇಳಿದೆ.

ಅವರು ರೀಲು ಸುತ್ತುತ್ತಿದ್ದರು, ತಲೆ ಎತ್ತಲಿಲ್ಲ. "ಮುಖ ಇಲ್ಲದಿದ್ರೆ ಆ ಹಾಡನ್ನ ಯಾರು ನಂಬೋರು? ಗುಡ್ಡ ಉಳೀತಲ್ಲ."

"ಅಜ್ಜ?"

"ಕಿಟಕೀಲಿ ತೋರಿಸ್ದಾಗ ನೀನೂ ಅದ್ಭುತ ಅಂದೆಯಲ್ಲಯ್ಯ."

ಎದ್ದು ಬಂದವನು ಮತ್ತೆ ಅವರ ಮನೆ ಮೆಟ್ಟಿಲು ಹತ್ತಲಿಲ್ಲ. ಇವತ್ತಿಗೂ ಯಾರಾದರೂ ಹಾಡಿದರೆ ಪೆನ್ನಿಗೆ ಮುಚ್ಚಳ ಹಾಕುತ್ತೇನೆ. ಕೇಳುವುದನ್ನು ಕಲಿಸಿದವರು ಅವರೇ. ಅಜ್ಜ ಅಂದದ್ದೊಂದನ್ನು ಮಾತ್ರ ಅವರು ಕೇಳಿಸಿಕೊಳ್ಳಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಅವರು ತೀರಿಕೊಂಡರು. ಸುದ್ದಿ ಹೇಳಲು ಪೋಡಿಗೆ ಹೋದೆ. ಅಜ್ಜನಿಗೆ ಕಣ್ಣು ಮಂಜಾಗಿತ್ತು. ಆ ಹಾಡನ್ನು ಅವನು ಮತ್ತೆ ಹಾಡಿರಲಿಲ್ಲ, ಯಾರಿಗೂ ಕಲಿಸಿರಲಿಲ್ಲ. ಸುದ್ದಿ ಹೇಳಿದ ಮೇಲೆ ಕೇಳಿದ:

"ಅವ್ರ್ ದನಿ ಐತಾ ನಿನ್ ತಾವ?"

ಯೋಚಿಸಿದೆ. ಎಲ್ಲರ ದನಿ ಹಿಡಿದವರು, ತಮ್ಮದನ್ನು ಎಲ್ಲೂ ಬಿಟ್ಟಿರಲಿಲ್ಲ. "ಇಲ್ಲ ಅಜ್ಜ."

"ಮೊಕ?"

ಕ್ಯಾಮೆರಾದ ಹಿಂದೆಯೇ ಇದ್ದವರು. ನನ್ನ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ. "ಅದೂ ಇಲ್ಲ."

"ಪುಣ್ಯವಂತ್ರು ಬುಡು," ಎಂದ ಅಜ್ಜ. "ಪೂರ್ತಿ ಒಂಟೋದ್ರು."